ಊರು ಹೊರಗಿಟ್ಟರೆ ಕಾನೂನು ಯಾರ ಕಡೆ?

2025ರ ಡಿಸೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಸಾಮಾಜಿಕ ಬಹಿಷ್ಕಾರ ತಡೆಯುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಬಹಿಷ್ಕಾರ ಹಾಕಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಂತ ಸುದ್ದಿ ಬಂತು. ಇಂಥ ಸುದ್ದಿ ಓದಿದಾಗ ಎರಡು ಪ್ರಶ್ನೆ ಏಳುವುದು ಸಹಜ. ಇಷ್ಟು ದಿನ ಇದು ಅಪರಾಧವೇ ಆಗಿರಲಿಲ್ವಾ ಅನ್ನುವುದು ಒಂದು. ನಮ್ಮ ಕುಲದ ಕಟ್ಟುಪಾಡು ನಮ್ಮಿಷ್ಟ, ಅದರಲ್ಲಿ ಸರ್ಕಾರಕ್ಕೇನು ಕೆಲಸ ಅನ್ನುವುದು ಇನ್ನೊಂದು.

ಎರಡನೆಯದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಗುಂಪಿಗೂ ನಮ್ಮ ಸಂವಿಧಾನ ಹಕ್ಕು ಕೊಟ್ಟಿದೆ, ಒಬ್ಬೊಬ್ಬ ವ್ಯಕ್ತಿಗೂ ಕೊಟ್ಟಿದೆ. ಅವೆರಡೂ ಎದುರುಬದುರಾದಾಗ ಯಾರ ಮಾತು ನಡೆಯಬೇಕು? ಸ್ವಾತಂತ್ರ್ಯ ಬಂದಾಗಿನಿಂದ ಕೋರ್ಟುಗಳು ಇದನ್ನು ಬಿಡಿಸುತ್ತಲೇ ಇವೆ. ಅದು ತುಂಬಾ ಕಣ್ಣಿಗೆ ಕಾಣುವ ಜಾಗವೆಂದರೆ ಬಹಿಷ್ಕಾರ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

## ಬಹಿಷ್ಕಾರ ಅಂದರೆ ಏನೇನು

ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಕುಲದ ಹಿರಿಯರು ಕಟ್ಟೆಯಲ್ಲಿ ಕೂತು ಒಂದು ಮಾತು ಹೇಳುತ್ತಾರೆ, ಅಷ್ಟೇ. ಮಗಳು ಬೇರೆ ಜಾತಿಯವನನ್ನು ಮದುವೆಯಾಗಿರಬಹುದು. ಹಬ್ಬದ ಚಂದಾ ಕೊಡದೇ ಇರಬಹುದು. ಜಮೀನಿನ ತಕರಾರನ್ನು ಕಟ್ಟೆಗೆ ತರದೆ ನೇರವಾಗಿ ಕೋರ್ಟಿಗೆ ಹೋಗಿರಬಹುದು. ಮಾರನೇ ದಿನದಿಂದ ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ. ಹಿಟ್ಟಿನ ಗಿರಣಿಯವರು "ಕರೆಂಟಿಲ್ಲ" ಅನ್ನುತ್ತಾರೆ. ಕೂಲಿಗೆ ಕರೆಯುವವರಿಲ್ಲ, ಇವರು ಕರೆದರೆ ಬರುವವರಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಇವರನ್ನು ದಾಟಿ ಮುಂದೆ ಹೋಗುತ್ತದೆ. ಮನೆಯಲ್ಲಿ ಸಾವಾದರೆ ಹೆಣ ಹೊರಲು ನಾಲ್ಕು ಹೆಗಲು ಸಿಗುವುದಿಲ್ಲ. ಇವರ ಜೊತೆ ಮಾತಾಡಿದವರಿಗೂ ದಂಡ ಅಂತ ಸಾರಿಬಿಟ್ಟರಂತೂ ಮುಗಿಯಿತು. ಕಾವಲಿಗೆ ಜನ ಬೇಕಿಲ್ಲ, ಊರೇ ಕಾವಲು ಕಾಯುತ್ತದೆ.

ಒಳಗೆ ಬರಬೇಕೆಂದರೆ ತಪ್ಪು ಕಾಣಿಕೆ ಕಟ್ಟಬೇಕು, ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಕಟ್ಟಿದ ದುಡ್ಡಿಗೆ ರಸೀದಿ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಈ ಆಯುಧದ ಬಗ್ಗೆ ಹಳೆಯ ಸರ್ಕಾರಿ ದಾಖಲೆಗಳಲ್ಲೇ ಬರಹವಿದೆ. ಬಾಂಬೆ ಪ್ರಾಂತ್ಯದ ಶೋಷಿತ ವರ್ಗಗಳ ಸ್ಥಿತಿ ನೋಡಲು ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಗಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅದರ ಸದಸ್ಯರಲ್ಲೊಬ್ಬರು. ದಲಿತರು ತಮ್ಮ ಹಕ್ಕು ಕೇಳಿದ ಕಡೆಯಲ್ಲೆಲ್ಲ ಅವರಿಗೆ ಕೆಲಸ ನಿಲ್ಲಿಸುವುದು, ಅಂಗಡಿ ಸಾಮಾನು ನಿಲ್ಲಿಸುವುದು, ನಡೆದಾಡುವ ದಾರಿ ಮುಚ್ಚುವುದು ನಡೆಯುತ್ತಿದೆ ಎಂದು 1930ರ ವರದಿ ಹೇಳಿತು. ತುಳಿಯುವುದಕ್ಕೆ ಇದಕ್ಕಿಂತ ಪರಿಣಾಮಕಾರಿ ಅಸ್ತ್ರ ನಮಗೆ ಗೊತ್ತಿಲ್ಲ ಎಂದೂ ಬರೆಯಿತು. 1947ರಲ್ಲಿ ಸಂವಿಧಾನ ಸಭೆಗಾಗಿ ಅಂಬೇಡ್ಕರ್ ಸಿದ್ಧಪಡಿಸಿದ ಮನವಿಯಲ್ಲಿ ಬಹಿಷ್ಕಾರ ಹಾಕುವುದು, ಹಾಕಲು ಕುಮ್ಮಕ್ಕು ಕೊಡುವುದು, ಹಾಕುತ್ತೇವೆಂದು ಹೆದರಿಸುವುದು ಮೂರನ್ನೂ ಅಪರಾಧ ಮಾಡಬೇಕು ಎಂಬ ಬೇಡಿಕೆಯಿತ್ತು. ಬಹಿಷ್ಕಾರಕ್ಕೆ ವ್ಯಾಖ್ಯೆ ಕೊಡಲು ಅವರು ನೋಡಿದ್ದು ಬರ್ಮಾದ 1922ರ ಕಾಯ್ದೆಯನ್ನು.

## ಹಾಗಾದರೆ ಗುಂಪಿಗೆ ಹಕ್ಕು ಯಾಕೆ?

ಇಷ್ಟು ಓದಿದ ಮೇಲೆ ಗುಂಪಿನ ಹಕ್ಕೆಂಬುದೇ ಬೇಡ ಅನ್ನಿಸಬಹುದು. ಆದರೆ ಕೆಲವು ಹಕ್ಕುಗಳನ್ನು ಒಬ್ಬೊಬ್ಬರೇ ಬಳಸಲು ಬರುವುದಿಲ್ಲ. ಕಾಸರಗೋಡಿನ ಕನ್ನಡಿಗರನ್ನೇ ನೋಡಿ. ಕೇರಳದಲ್ಲಿ ಅವರು ಭಾಷಾ ಅಲ್ಪಸಂಖ್ಯಾತರು. ಮಗುವಿಗೆ ಕನ್ನಡದಲ್ಲಿ ಪಾಠ ಬೇಕೆಂದರೆ ಶಾಲೆ ಬೇಕು, ಮೇಷ್ಟ್ರು ಬೇಕು, ಪಕ್ಕದಲ್ಲಿ ಕೂರಲು ಇನ್ನಷ್ಟು ಮಕ್ಕಳು ಬೇಕು. ಅದಕ್ಕೇ ಸಂವಿಧಾನದ 29ನೇ ವಿಧಿ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕನ್ನು ಅಂಥ ಗುಂಪುಗಳಿಗೆ ಕೊಡುತ್ತದೆ. ಅಲ್ಪಸಂಖ್ಯಾತರು ತಮ್ಮದೇ ಶಾಲೆ ಕಟ್ಟಿ ನಡೆಸಬಹುದು ಅನ್ನುತ್ತದೆ 30ನೇ ವಿಧಿ. ಸಂಘ ಕಟ್ಟುವ ಹಕ್ಕು 19ನೇ ವಿಧಿಯಲ್ಲಿದೆ. ಧಾರ್ಮಿಕ ಪಂಗಡಗಳು ತಮ್ಮ ಧರ್ಮದ ವಿಷಯಗಳನ್ನು ತಾವೇ ನೋಡಿಕೊಳ್ಳಬಹುದು ಅನ್ನುವುದು 26ನೇ ವಿಧಿ. ಮುಂದೆ ಇದೇ 26 ಮತ್ತೆ ಮತ್ತೆ ಬರುತ್ತದೆ.

ಸಂಘ ಕಟ್ಟುವ ಹಕ್ಕಿದ್ದಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬೇಡವೆನ್ನಬೇಕು ಎಂಬ ಅಧಿಕಾರವೂ ಸ್ವಲ್ಪ ಮಟ್ಟಿಗೆ ಇರಲೇಬೇಕು. ಅಹಮದಾಬಾದಿನ ಪಾರ್ಸಿಗಳ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ ಇಟ್ಟುಕೊಂಡಿತ್ತು. ಅದು ಸುಪ್ರೀಂ ಕೋರ್ಟಿಗೆ ಹೋದಾಗ, 2005ರಲ್ಲಿ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ಈ ತೀರ್ಪು ಒಪ್ಪದವರು ಬಹಳ ಜನ ಇದ್ದಾರೆ. ಆದರೂ ಇವತ್ತಿಗೆ ಅದೇ ಕಾನೂನು.

ಹಾಗಾದರೆ ಗೆರೆ ಎಲ್ಲಿ? ನಮ್ಮ ಕಡೆಯ ಚೀಟಿ ಗುಂಪನ್ನು ನೆನೆಸಿಕೊಳ್ಳಿ. ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಹಾಕುತ್ತಾರೆ. ಒಬ್ಬ ಕಂತು ಕಟ್ಟುವುದಿಲ್ಲ. ಅವನನ್ನು ಮುಂದಿನ ಚೀಟಿಗೆ ಸೇರಿಸಿಕೊಳ್ಳದಿದ್ದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಚೀಟಿಯವರೆಲ್ಲ ಸೇರಿ ಹಾಲಿನವರಿಗೆ "ಅವನ ಮನೆಗೆ ಹಾಲು ಹಾಕಬೇಡಿ" ಅಂದರೆ? ಅದು ಚೀಟಿಯ ವ್ಯವಹಾರವಲ್ಲ. ಗುಂಪು ತನ್ನ ಬಾಗಿಲು ಹಾಕಿಕೊಳ್ಳುವುದು ಒಂದು ಕೆಲಸ, ಬೇರೆಯವರ ಬಾಗಿಲನ್ನೂ ಹಾಕಿಸುವುದು ಇನ್ನೊಂದು ಕೆಲಸ. ಬಹಿಷ್ಕಾರ ಎರಡನೆಯದು.

## ಸಂವಿಧಾನಕ್ಕೆ ಲೆಕ್ಕ ಯಾರದ್ದು

1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಮಾತಾಡಿದರು. ಕರಡಿನಲ್ಲಿ ಹಳ್ಳಿಗೆ ಜಾಗವೇ ಇಲ್ಲ ಎಂಬ ಆಕ್ಷೇಪ ಆಗ ಜೋರಾಗಿತ್ತು. ಅವರ ಉತ್ತರ ಖಾರವಾಗಿತ್ತು. ಹಳ್ಳಿಯೆಂದರೆ ಸಂಕುಚಿತತನದ, ಅಜ್ಞಾನದ, ಕೋಮುಭಾವನೆಯ ಗೂಡು ಎಂಬರ್ಥದ ಮಾತು ಆಡಿ, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದಿರುವುದು ನನಗೆ ಸಂತೋಷ ಎಂದರು. ಗಾಂಧಿಯ ಗ್ರಾಮಸ್ವರಾಜ್ಯವನ್ನು ನಂಬಿದ್ದ ಸದಸ್ಯರಿಗೆ ಇದು ರುಚಿಸಲಿಲ್ಲ. ಚರ್ಚೆ ನಡೆದು, ಸರ್ಕಾರ ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕು ಎನ್ನುವ 40ನೇ ವಿಧಿ ಆಮೇಲೆ ಸೇರಿತು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಆ ವಿಧಿ ಹೇಳುವ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು ಬರುವ ಗ್ರಾಮ ಪಂಚಾಯಿತಿ. ಕುಲದ ಯಜಮಾನರು ಅರಳಿಕಟ್ಟೆಯಲ್ಲಿ ಕೂತು ಮಾಡುವ ನ್ಯಾಯ ಪಂಚಾಯಿತಿಗೂ ಅದಕ್ಕೂ ಸಂಬಂಧವಿಲ್ಲ. ಇಬ್ಬರೂ ಒಪ್ಪಿದರೆ ಹಿರಿಯರು ರಾಜಿ ಮಾಡಿಸಬಹುದು. ಒಪ್ಪದವನಿಗೆ ದಂಡ ಹಾಕುವ ಅಧಿಕಾರ ಮಾತ್ರ ಅವರಿಗೆ ಯಾವ ಕಾನೂನೂ ಕೊಟ್ಟಿಲ್ಲ.

"ಊರಿಗೆ ಊರೇ ಒಪ್ಪಿದೆ, ಇದೂ ಪ್ರಜಾಪ್ರಭುತ್ವವೇ ಅಲ್ವಾ?" ಎಂಬ ವಾದವೂ ಕೇಳಿಬರುತ್ತದೆ. ಬಹುಮತದಿಂದ ಸರ್ಕಾರ ಬರುತ್ತದೆ, ನಿಜ. ಆದರೆ ಒಬ್ಬನ ಮೂಲಭೂತ ಹಕ್ಕನ್ನು ಮತಕ್ಕೆ ಹಾಕುವಂತಿಲ್ಲ. ವಿಧಾನಸಭೆಯೇ ಒಮ್ಮತದಿಂದ ಕಾಯ್ದೆ ಮಾಡಿದರೂ, ಅದು ಮೂಲಭೂತ ಹಕ್ಕಿಗೆ ವಿರುದ್ಧವಾಗಿದ್ದರೆ 13ನೇ ವಿಧಿಯ ಪ್ರಕಾರ ನಿಲ್ಲುವುದಿಲ್ಲ. ಶಾಸನಸಭೆಗೇ ಇಲ್ಲದ ಅಧಿಕಾರ ಕಟ್ಟೆಗೆ ಎಲ್ಲಿಂದ ಬರಬೇಕು?

ಮದುವೆ ವಿಷಯದಲ್ಲಿ ಕೋರ್ಟುಗಳ ಮಾತು ಈಗ ಸ್ಪಷ್ಟ. ಉತ್ತರ ಭಾರತದ ಕುಲದ ಕಟ್ಟೆಗಳಾದ ಖಾಪ್ ಪಂಚಾಯಿತಿಗಳ ಬಗೆಗಿನ 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿಗೆ ಬಂದ ಇಬ್ಬರು ಮದುವೆಗೆ ಒಪ್ಪಿದರೆ ಮನೆಯವರ ಅಥವಾ ಕುಲದ ಒಪ್ಪಿಗೆ ಬೇಕಿಲ್ಲ ಎಂದಿತು. 2021ರಲ್ಲಿ ಕರ್ನಾಟಕದಿಂದಲೇ ಹೋದ ಮದುವೆ ಪ್ರಕರಣವೊಂದರಲ್ಲಿ ಅದನ್ನೇ ಮತ್ತೆ ಹೇಳಿತು.

ಧರ್ಮದ ವಿಷಯಕ್ಕೆ ಬಂದರೆ ಇಷ್ಟು ಸಲೀಸಿಲ್ಲ.

## 1949ರ ಕಾಯ್ದೆ, 1962ರ ತೀರ್ಪು

ಬಾಂಬೆ ರಾಜ್ಯ 1949ರಲ್ಲೇ ಬಹಿಷ್ಕಾರ ನಿಷೇಧಿಸುವ ಕಾಯ್ದೆ ಮಾಡಿತ್ತು. ಯಾವುದೇ ಸಮುದಾಯ ತನ್ನ ಸದಸ್ಯನನ್ನು ಹೊರಹಾಕಿ, ಅವನ ಆಸ್ತಿ, ಪೂಜಾಸ್ಥಳ, ಹೂಳುವ ಅಥವಾ ಸುಡುವ ಜಾಗದಂಥ ಹಕ್ಕುಗಳನ್ನು ಕಸಿದುಕೊಳ್ಳುವಂತಿಲ್ಲ ಎಂದು ಅದು ಹೇಳಿತು.

ಅದನ್ನು ಪ್ರಶ್ನಿಸಿದ್ದು ದಾವೂದಿ ಬೊಹ್ರಾ ಸಮುದಾಯದ ಧರ್ಮಗುರು. ಬೊಹ್ರಾಗಳು ಶಿಯಾ ಮುಸ್ಲಿಮರ ಒಂದು ಪಂಗಡ, ಹೆಚ್ಚಿನವರು ಗುಜರಾತ್ ಮೂಲದ ವ್ಯಾಪಾರಸ್ಥರು. ಧರ್ಮಗುರುವನ್ನು ದಾಯಿ ಎನ್ನುತ್ತಾರೆ. ಸಮುದಾಯದಿಂದ ಹೊರಹಾಕುವುದಕ್ಕೆ ಅವರಲ್ಲಿ ಬರಾತ್ ಎಂಬ ಹೆಸರಿದೆ. ಹೊರಹಾಕಿದವರಿಗೆ ಮಸೀದಿ ಇಲ್ಲ, ಸಮುದಾಯದ ಖಬರಸ್ತಾನವೂ ಇಲ್ಲ. ದಾಯಿಯ ವಾದ ಇದು: ನಂಬಿಕೆಗೆ ವಿರುದ್ಧ ಹೋದವರನ್ನು ಹೊರಗಿಡುವ ಅಧಿಕಾರ ನಮ್ಮ ಧರ್ಮದ ಭಾಗ. ಅದನ್ನು ಕಿತ್ತುಕೊಂಡರೆ 26ನೇ ವಿಧಿ ಕೊಟ್ಟ ಹಕ್ಕಿಗೆ ಅರ್ಥವೇನು?

ಬಾಂಬೆ ಹೈಕೋರ್ಟ್ ಈ ಮೊದಲೇ ಕಾಯ್ದೆಯ ಪರ ನಿಂತಿತ್ತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು 1962ರ ಜನವರಿಯಲ್ಲಿ ದಾಯಿಯ ವಾದ ಒಪ್ಪಿದರು. ಕಾಯ್ದೆ ಬಿದ್ದುಹೋಯಿತು.

ಅವರು ಹಾಗೆ ಹೇಳಿದ್ದೇಕೆ ಎಂದು ತಿಳಿಯಲು 25 ಮತ್ತು 26ನೇ ವಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 25 ವ್ಯಕ್ತಿಯ ಧರ್ಮ ಸ್ವಾತಂತ್ರ್ಯ. ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟಿದೆ. ಜೊತೆಗೆ ಮೂಲಭೂತ ಹಕ್ಕುಗಳ ಭಾಗದ ಬೇರೆ ವಿಧಿಗಳಿಗೂ ಒಳಪಟ್ಟಿದೆ. 26 ಪಂಗಡದ ಸ್ವಾತಂತ್ರ್ಯ. ಅಲ್ಲಿ ಮೊದಲ ಮೂರು ಷರತ್ತು ಇವೆ, ಕೊನೆಯದು ಇಲ್ಲ. ಹಾಗಾಗಿ ಪಂಗಡದ ಹಕ್ಕು ಬಳಸಿದಾಗ ಒಬ್ಬ ವ್ಯಕ್ತಿಯ ನಾಗರಿಕ ಹಕ್ಕಿಗೆ ಧಕ್ಕೆಯಾದರೂ ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದಿತು ಬಹುಮತ. ಸಂವಿಧಾನ ಬರೆದವರು ಆ ಷರತ್ತನ್ನು ಬೇಕೆಂದೇ ಬಿಟ್ಟರೋ ಇಲ್ಲವೋ, ಅದಿಲ್ಲದ ಕಾರಣಕ್ಕೇ ಇಡೀ ಪ್ರಕರಣ ಒಂದು ಕಡೆ ವಾಲಿತು.

ಆದರೂ ಬಹುಮತ ಒಂದು ಕಿಟಕಿ ತೆರೆದೇ ಇಟ್ಟಿತ್ತು. ಧಾರ್ಮಿಕವಲ್ಲದ ಕಾರಣಕ್ಕೆ, ಯಾವುದೋ ಸಾಮಾಜಿಕ ಕಟ್ಟಳೆ ಮುರಿದದ್ದಕ್ಕೆ ಹೊರಹಾಕುವುದನ್ನು ತಡೆದರೆ ಅದನ್ನು ಸಮಾಜ ಸುಧಾರಣೆ ಅನ್ನಬಹುದು ಎಂಬ ಮಾತು ತೀರ್ಪಿನಲ್ಲಿದೆ. ಈಗಿನ ಬಹಿಷ್ಕಾರ ಕಾಯ್ದೆಗಳಿಗೆ ಈ ಸಾಲು ತುಂಬಾ ಮುಖ್ಯ. ಕಟ್ಟೆಯವರು ಹೊರಗಿಡುವುದು ಸಿದ್ಧಾಂತದ ಭಿನ್ನಾಭಿಪ್ರಾಯಕ್ಕಲ್ಲ, ಮದುವೆಗೆ, ಚಂದಾಕ್ಕೆ, ಜಮೀನಿಗೆ.

ಒಪ್ಪದೆ ಬೇರೆ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ. ಧರ್ಮ ಬೇರೆ, ಧರ್ಮದ ಸುತ್ತ ಬೆಳೆದ ವ್ಯವಹಾರ ಬೇರೆ ಎಂದರು ಅವರು. ಸತ್ತವನಿಗೆ ಮಣ್ಣು ಸಿಗದಂತೆ ಮಾಡುವುದು ನಾಗರಿಕ ಹಕ್ಕಿನ ಪ್ರಶ್ನೆ. ಹೊರಹಾಕಿದವನು ತನ್ನವರ ನಡುವೆಯೇ ಅಸ್ಪೃಶ್ಯನಾಗುತ್ತಾನೆ. ಅಸ್ಪೃಶ್ಯತೆಯನ್ನು 17ನೇ ವಿಧಿ ತೆಗೆದುಹಾಕಿದೆಯಲ್ಲ, ಈ ಕಾಯ್ದೆ ಅದೇ ಕೆಲಸ ಮಾಡುತ್ತಿದೆ ಎಂದರು. ಓದಿದರೆ ಈಗಿನ ಕಾಲದವರು ಬರೆದದ್ದು ಅನ್ನಿಸುತ್ತದೆ. ಆದರೆ ಒಬ್ಬರ ತೀರ್ಪು ಕಾನೂನಾಗುವುದಿಲ್ಲ.

## ಮೂಲ್ಕಿಯಲ್ಲಿ ಸಿಕ್ಕ ನಡುದಾರಿ

ಇದಕ್ಕೂ ನಾಲ್ಕು ವರ್ಷ ಹಿಂದೆ, 1957ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ನಮ್ಮ ಕರಾವಳಿಯ ಒಂದು ಪ್ರಕರಣ ತೀರ್ಮಾನಿಸಿತ್ತು. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದ್ದು. ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಮದರಾಸಿನ 1947ರ ಕಾಯ್ದೆ ಇಲ್ಲಿಗೂ ಬಂತು, ಏಕೆಂದರೆ ಆಗ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಇದು ನಮ್ಮ ಪಂಗಡದ ದೇವಸ್ಥಾನ, ಯಾರು ಒಳಗೆ ಬರಬೇಕೆಂಬುದು ನಮ್ಮ ಧರ್ಮದ ವಿಷಯ ಎಂದು ಆಡಳಿತದವರು ವಾದಿಸಿದರು. ಕೇಸು ಮುಗಿಯುವ ಹೊತ್ತಿಗೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತ್ತು. ಹಾಗಾಗಿ ತೀರ್ಪಿನ ಹೆಸರಿನಲ್ಲಿ ಎದುರುಪಕ್ಷ ಮೈಸೂರು ರಾಜ್ಯ.

ಇದು ಪಂಗಡದ್ದೇ ದೇವಸ್ಥಾನ ಎಂದು ಕೋರ್ಟು ಒಪ್ಪಿತು. ಪ್ರವೇಶ ಯಾರಿಗೆ ಎಂಬುದು ಧರ್ಮದ ವಿಷಯ ಎಂದೂ ಒಪ್ಪಿತು. ಹಾಗಿದ್ದರೂ ಸಾರ್ವಜನಿಕ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೆ ತೆರೆಯಲು 25ನೇ ವಿಧಿ ಸರ್ಕಾರಕ್ಕೆ ಕೊಟ್ಟ ಅಧಿಕಾರವೇ ಮೇಲು ಎಂದಿತು. ಜೊತೆಗೆ ಪಂಗಡಕ್ಕೂ ಒಂದಿಷ್ಟು ಉಳಿಸಿತು: ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಒಳಗೆ ನಿಮ್ಮವರಷ್ಟೇ ಇರಬಹುದು, ಆದರೆ ಉಳಿದವರಿಗೆ ಸಿಗುವ ದರ್ಶನ ನೆಪಮಾತ್ರದ್ದಾಗಬಾರದು. ಯಾರ ಹಕ್ಕನ್ನೂ ಪೂರ್ತಿ ಅಳಿಸದೆ ಎರಡಕ್ಕೂ ಜಾಗ ಮಾಡುವ ಈ ರೀತಿಯನ್ನು ಆಮೇಲಿನ ಎಷ್ಟೋ ತೀರ್ಪುಗಳು ಎತ್ತಿ ಹೇಳಿವೆ.

## ಇಷ್ಟು ದಿನ ಅಪರಾಧ ಆಗಿರಲಿಲ್ವಾ?

ಆಗಿತ್ತು, ಆದರೆ ಅರ್ಧ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಹೆದರಿಸುವುದು ಅಪರಾಧವಾಯಿತು. ಆದರೆ ಆ ಕಾಯ್ದೆ ಅನ್ವಯಿಸಲು ಹಾಕಿದವರು ಪರಿಶಿಷ್ಟರಲ್ಲದವರಾಗಿರಬೇಕು. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಇನ್ನೊಂದು ಸೆಕ್ಷನ್ ಇದೆ. ಅಸ್ಪೃಶ್ಯತೆ ಆಚರಿಸಲು ಒಪ್ಪದವನನ್ನು ಅವನ ಸಮುದಾಯದವರೇ ಹೊರಹಾಕಿದರೆ ಅದು ಅಪರಾಧ.

ಈಗ ಯೋಚಿಸಿ. ಬಹಿಷ್ಕಾರ ಸಾಮಾನ್ಯವಾಗಿ ಬರುವುದು ಸ್ವಂತ ಕುಲದವರಿಂದ. ಚಂದಾ ಕೊಡದ್ದಕ್ಕೆ ಅಥವಾ ಕೋರ್ಟಿಗೆ ಹೋದದ್ದಕ್ಕೆ ಕುಲಸ್ಥರೇ ಹೊರಗಿಟ್ಟರೆ ಮೇಲಿನ ಎರಡೂ ಕಾಯ್ದೆ ತಾಗುವುದಿಲ್ಲ. ಉಳಿಯುವುದು ಬೆದರಿಕೆ, ಸುಲಿಗೆಯಂಥ ಸಾಮಾನ್ಯ ಸೆಕ್ಷನ್‌ಗಳು. "ನಾವೇನೂ ಬೆದರಿಸಿಲ್ಲ ಸ್ವಾಮಿ, ಮಾತಾಡೋದು ಬಿಟ್ಟಿದ್ದೀವಿ ಅಷ್ಟೇ" ಅಂದರೆ ಪೊಲೀಸರಿಗೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಈ ಸಂದಿಯನ್ನು ಮುಚ್ಚಲು ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, 2017ರಲ್ಲಿ ಅದು ಜಾರಿಗೆ ಬಂತು. ಅಲ್ಲೂ ಶಿಕ್ಷೆ 3 ವರ್ಷ, 1 ಲಕ್ಷದವರೆಗೆ. ಆರೋಪಪಟ್ಟಿ ಸಲ್ಲಿಸಿದ ಆರು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಎಂಬ ನಿಯಮವೂ ಇದೆ.

## ನಾನು ಮಾತು ಬಿಟ್ಟರೂ ಕೇಸಾ?

ಇಲ್ಲ. ನಿಮ್ಮ ಮನೆ ಗೃಹಪ್ರವೇಶಕ್ಕೆ ಯಾರನ್ನು ಕರೆಯಬೇಕು, ಯಾರ ಜೊತೆ ಮಾತಾಡಬೇಕು ಎಂಬುದು ನಿಮಗೇ ಬಿಟ್ಟದ್ದು. ಅದೂ ವ್ಯಕ್ತಿಯ ಸ್ವಾತಂತ್ರ್ಯವೇ. ಒಂದು ಕಂಪನಿಯ ಸಾಮಾನು ಕೊಳ್ಳಬೇಡಿ ಎಂದು ಗ್ರಾಹಕರು ಕರೆ ಕೊಡುವುದೂ ಇದರಡಿ ಬರುವುದಿಲ್ಲ. ಬಹಿಷ್ಕಾರ ಕಾಯ್ದೆ ಹಿಡಿಯುವುದು ಸೇರಿ ಮಾಡಿದ ತೀರ್ಮಾನವನ್ನು. ಸಭೆ ಕರೆದವರು, ಅಪ್ಪಣೆ ಕೊಟ್ಟವರು, ಅದನ್ನು ಸಾರಿದವರು, ಒತ್ತಡ ಹಾಕಿ ಪಾಲಿಸುವಂತೆ ಮಾಡಿದವರು ಇದರಡಿ ಬರುತ್ತಾರೆ. ಅಂಗಡಿಯವರು ತಾವಾಗಿ ಸಾಮಾನು ಕೊಡಲಿಲ್ಲವೋ, ಯಾರೋ ಹೇಳಿದ್ದಕ್ಕೆ ಕೊಡಲಿಲ್ಲವೋ ಎಂಬುದರ ಮೇಲೆ ಕೇಸು ನಿಲ್ಲುತ್ತದೆ.

ಕಷ್ಟ ಇರುವುದೂ ಅಲ್ಲೇ. ಕಟ್ಟೆಯ ತೀರ್ಮಾನಕ್ಕೆ ಕಾಗದ ಇರುವುದಿಲ್ಲ. ಸಾಕ್ಷಿ ಹೇಳಬೇಕಾದವರು ಅದೇ ಊರಲ್ಲಿ ಬದುಕಬೇಕು. ಅದಕ್ಕೇ ಇಂಥ ತೊಂದರೆಯಲ್ಲಿ ಸಿಕ್ಕವರು ಮೊದಲ ದಿನದಿಂದ ಬರೆದಿಡುವುದು ಒಳ್ಳೆಯದು: ಯಾವತ್ತು ಸಭೆ ಆಯಿತು, ಯಾರು ಏನಂದರು, ಯಾವ ಅಂಗಡಿಯಲ್ಲಿ ಏನು ಕಾರಣ ಕೊಟ್ಟರು. ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ದಂಡ ಕಟ್ಟಲೇಬೇಕಾಗಿ ಬಂದರೆ ಕೈಗೆ ಕೊಡುವುದಕ್ಕಿಂತ ಗುರುತು ಉಳಿಯುವ ಹಾಗೆ ಫೋನ್‌ಪೇಯಲ್ಲೋ ಬ್ಯಾಂಕಲ್ಲೋ ಕೊಡಿ. ದೂರನ್ನು ಠಾಣೆಗೆ ಕೊಟ್ಟು, ಪ್ರತಿಯನ್ನು ಜಿಲ್ಲಾಧಿಕಾರಿಗೂ ಕಳಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100.

## ಒಂಬತ್ತು ನ್ಯಾಯಮೂರ್ತಿಗಳಿಗೆ ಹೋದ ಪ್ರಶ್ನೆ

1962ರ ತೀರ್ಪಿಗೆ ಬೊಹ್ರಾ ಸಮುದಾಯದೊಳಗೇ ವಿರೋಧವಿತ್ತು. ಅದನ್ನು ಮರುಪರಿಶೀಲಿಸಿ ಎಂದು ಸುಧಾರಣಾವಾದಿಗಳ ಸಂಘಟನೆಯೊಂದು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿ ದಶಕಗಟ್ಟಲೆ ಅಲ್ಲೇ ಇತ್ತು. 2023ರ ಫೆಬ್ರುವರಿ 10ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ನೇತೃತ್ವದ ಐವರ ಪೀಠ, ಇದನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೋಡಲಿ ಎಂದಿತು. ಕರ್ನಾಟಕದ ಆ ಮದುವೆ ಪ್ರಕರಣದ ತೀರ್ಪು ಬರೆದವರೂ ಇದೇ ಕೌಲ್. ಶಬರಿಮಲೆ ಪ್ರಕರಣದ ಮರುಪರಿಶೀಲನೆಯಿಂದ ಹುಟ್ಟಿದ ಪ್ರಶ್ನೆಗಳು 2019ರಲ್ಲೇ ದೊಡ್ಡ ಪೀಠಕ್ಕೆ ಹೋಗಿದ್ದವು, 2020ರಲ್ಲಿ ಅದಕ್ಕಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆಗಿತ್ತು. ಇದೂ ಅದರ ಜೊತೆ ಸೇರಿತು.

ಹಾಗೆ ಕಳಿಸಲು ಪೀಠ ಕೊಟ್ಟ ಕಾರಣಗಳಲ್ಲಿ ಒಂದು, 26ನೇ ವಿಧಿಯ ಹಕ್ಕನ್ನು 21ನೇ ವಿಧಿಯ ಜೊತೆ ತೂಗಿ ನೋಡಬೇಕು ಎಂಬುದು. 21 ಎಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು. 1962ರಲ್ಲಿ ಅದಕ್ಕೆ ಇಷ್ಟು ವಿಸ್ತಾರ ಇರಲಿಲ್ಲ. ಘನತೆಯಿಂದ ಬದುಕುವುದೂ ಅದರಲ್ಲಿ ಸೇರಿದೆ ಎಂದು ಆಮೇಲೆ ಕೋರ್ಟುಗಳು ಹೇಳಿದವು. ಖಾಸಗಿತನವೂ ಸೇರಿದೆ ಎಂದದ್ದು 2017ರಲ್ಲಿ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇನ್ನೊಂದು ಕಾರಣ ನೈತಿಕತೆ. ವಿಧಿಯಲ್ಲಿರುವ ಆ ಪದವನ್ನು ಸಮುದಾಯದ ರೂಢಿಯ ಪ್ರಕಾರ ಅಳೆಯಬೇಕೋ, ಸಮಾನತೆ ಮತ್ತು ಘನತೆಯನ್ನು ಎತ್ತಿಹಿಡಿಯುವ ಸಂವಿಧಾನದ ಪ್ರಕಾರವೋ?

ಉತ್ತರ ಹೇಗೇ ಬಂದರೂ ಚಂದಾ ಕೊಡದ್ದಕ್ಕೆ, ಜಾತಿ ಮೀರಿ ಮದುವೆಯಾದದ್ದಕ್ಕೆ ಹಾಕುವ ಬಹಿಷ್ಕಾರಕ್ಕೆ ರಕ್ಷಣೆ ಸಿಗುವ ಸಾಧ್ಯತೆ ಕಮ್ಮಿ. 1962ರ ತೀರ್ಪೂ ಅಂಥದ್ದಕ್ಕೆ ರಕ್ಷಣೆ ಕೊಟ್ಟಿರಲಿಲ್ಲ. ತೀರ್ಮಾನವಾಗಬೇಕಿರುವುದು ಮಠ, ಪಂಗಡ, ಜಮಾತುಗಳು ನಂಬಿಕೆಯ ಕಾರಣ ಕೊಟ್ಟು ಹೊರಗಿಟ್ಟಾಗ ಏನು ಎಂಬುದು. ಪೂಜೆ, ಪ್ರಾರ್ಥನೆಯಿಂದ ದೂರ ಇಡುವಷ್ಟಕ್ಕೆ ಆ ಅಧಿಕಾರ ಮುಗಿಯುತ್ತದೋ, ಸ್ಮಶಾನದವರೆಗೂ ಹೋಗುತ್ತದೋ ಎಂಬುದನ್ನು ಈ ಪ್ರಶ್ನೆಯ ಉತ್ತರವೇ ಹೇಳಬೇಕು.